ನನ್ನ ಹೆಸರೂ ಹಾಕ್ರಿ

ದಾಂಡೇಲಿಯಿಂದ ಜೋಯಿಡಾ ಕಡೆಗೆ ಹೋಗುವ ರಸ್ತೆಯಲ್ಲಿ, ಹೊಳೆ ದಂಡೆಯ ಒಂದು ರೆಸಾರ್ಟಿನಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಮಳೆ ಹಿಡಿದರೆ ರಾಫ್ಟಿಂಗ್ ಬಂದ್. ಆಗ ಅರ್ಧ ಕೆಲಸಗಾರರನ್ನು ಮನೆಗೆ ಕಳಿಸಿ, ಉಳಿದವರನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಯಾರು ಉಳಿಯಬೇಕೆಂದು ತೀರ್ಮಾನಿಸುತ್ತಿದ್ದದ್ದು ಫೋನು. ಪ್ರತಿ ಸೋಮವಾರ ಬೆಳಗಾವಿಯಿಂದ ಬರುತ್ತಿದ್ದ ಮಾಲಕ ಸಾಹೇಬರು ಊಟಕ್ಕೆ ಕೂತು, ಅತಿಥಿಗಳು ಫೋನಿನಲ್ಲಿ ಬರೆದ ರಿವ್ಯೂಗಳನ್ನು ನಮ್ಮೆಲ್ಲರನ್ನೂ ನಿಲ್ಲಿಸಿಕೊಂಡು ಓದುತ್ತಿದ್ದರು. ಯಾರ ಹೆಸರು ಅದರಲ್ಲಿ ಬರುತ್ತಿತ್ತೋ ಅವರ ಮಳೆಗಾಲ ಸುಸೂತ್ರ.

ಹೆಸರು ಬರುತ್ತಿದ್ದದ್ದು ಯಾರದು? ಬೋಟು ನಡೆಸುವವರದು, ಜೀಪು ಓಡಿಸುವವರದು, ಬಾಗಿಲಲ್ಲಿ ನಿಂತು ತಂಪು ಪಾನಕ ಕೊಡುವವರದು. ಹಿಂದಿನ ಅಡುಗೆಮನೆಯ ಹೊಗೆಯಲ್ಲಿ ಕೂತವಳನ್ನು ಯಾವ ಅತಿಥಿ ನೋಡಿದ್ದ? ರೊಟ್ಟಿ ಹೊರಗೆ ಹೋಗುತ್ತಿತ್ತು, ನಾನು ಒಳಗೇ ಇರುತ್ತಿದ್ದೆ. ಮೊದಮೊದಲು ಅದರ ಚಿಂತೆ ಇರಲಿಲ್ಲ. ಆದರೆ ಆ ವರ್ಷ ನಮ್ಮ ಮನೆಯವರು ಲಾರಿಗೆ ಲೋಡು ಹಾಕಿ ಹಾಕಿ ಸೊಂಟ ಹೋಗಿ ಹಾಸಿಗೆ ಹಿಡಿದಿದ್ದರು. ಮಗಳು ಹಳಿಯಾಳದಲ್ಲಿ ಓದುತ್ತಿದ್ದಳು. ಮನೆಗೆ ಬರುತ್ತಿದ್ದದ್ದು ನನ್ನ ಪಗಾರ ಒಂದೇ. ಮಳೆಗಾಲಕ್ಕೆ ನನ್ನನ್ನು ತೆಗೆದುಬಿಟ್ಟರೆ ದೀಪಾವಳಿವರೆಗೆ ಏನು ತಿನ್ನುವುದೆಂಬ ಲೆಕ್ಕವೇ ಹತ್ತುತ್ತಿರಲಿಲ್ಲ.

ಜೀಪು ಓಡಿಸುವ ದಾಂಡೇಲಿಯ ಸಾಬರೊಬ್ಬರು ನನ್ನನ್ನು ಅಕ್ಕಾ ಅನ್ನುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತ ಅವರೇ ಹೇಳಿದರು: "ಅಕ್ಕಾ, ಒಳಗ ಕುಂತು ಎಷ್ಟ ಬಡದ್ರೂ ಯಾರಿಗೆ ಗೊತ್ತಾಗತೈತ್ರಿ? ಹೊರಗ ಬರ್ರಿ. ನಕ್ಕೋತ ಮಾತಾಡ್ಸ್ರಿ. ಹೆಸರು ಬರೀರಿ ಅಂತ ಕೇಳ್ರಿ. ನಾವೆಲ್ಲಾ ಹಂಗ ಮಾಡೋದು."

"ಅಯ್ಯ, ಈ ವಯಸ್ಸಿನ್ಯಾಗ ನಾ ಮಂದಿ ಮುಂದ ಕುಣೀಬೇಕೇನು?" ಎಂದು ಹರಿಹಾಯ್ದೆ. ಅಂದೆ ಅಷ್ಟೇ. ಮರುದಿನ ಸೆರಗು ಸರಿಮಾಡಿಕೊಂಡು, ಬಿಸಿ ರೊಟ್ಟಿಯ ಬುಟ್ಟಿ ಹಿಡಿದು ನಾನೇ ಮೇಜಿನ ಹತ್ತಿರ ಹೋದೆ. ಹುಬ್ಬಳ್ಳಿಯ ಹುಡುಗಿಯರು ಕೂತಿದ್ದರು. "ಸೂಪರ್ ಆಂಟಿ!" ಎಂದು ಬಾಯಿ ತುಂಬ ಹೊಗಳಿದರು. ಫೋನಿನಲ್ಲಿ ಬರೆಯುತ್ತೇವೆ ಎಂದರು. ನನಗೋ ಹಿಗ್ಗು. ಹೆಸರು ಹೇಳಲು ನಾಚಿಕೊಂಡು ಒಳಗೆ ಓಡಿಬಂದೆ, ಮಂಗ್ಯಾನಂಥಾಕಿ!

ಸೋಮವಾರ ಸಾಹೇಬರು ಓದಿದರು. ಊಟ ಸೂಪರ್, ಅಲ್ಲಿಯ ಆಂಟಿ ಬಹಳ ಒಳ್ಳೆಯವರು, ಎಂದಿತ್ತು. "ಯಾವ ಆಂಟಿ?" ಎಂದು ತಲೆ ಎತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆ ಬಟ್ಟೆ ಒಗೆಯುವವಳು ಮುಂದೆ ಬಂದು, "ನಾನ್ರಿ ಸಾಹೇಬ್ರ" ಅಂದಳು. ಸಾಹೇಬರು ಅವಳ ಹೆಸರು ಕೇಳಿಕೊಂಡರು. ಎಲ್ಲರೆದುರು ಸುಳ್ಳಿ ಎನ್ನಲು ನಾಲಿಗೆ ಏಳಲಿಲ್ಲ.

ಹಿತ್ತಲಿಗೆ ಬಂದ ಮೇಲೆ ಬಿಡಲಿಲ್ಲ. "ನಿನ್ನ ಬಾಯಾಗ ಮಣ್ಣ ಹಾಕ! ನನ್ನ ಅನ್ನ ಕಸ್ಕೊಂಡ್ಯಲ್ಲ!" ಎಂದು ಕೂಗಾಡಿದೆ. ಅವಳು ಒಗೆಯುವ ಕಲ್ಲಿನ ಮೇಲೆ ಕೂತೇ ಇದ್ದಳು. "ನನಗ ಗಂಡ ಇಲ್ಲ, ಮಕ್ಕಳದಾವ. ನೀ ಬಾಯಿ ಇದ್ದಾಕಿ, ಎಲ್ಲೆರ ಬದಕ್ತಿ. ನನಗ ಯಾರ ಕೆಲಸ ಕೊಡ್ತಾರ ಹೇಳು?" ಅಂದಳು. ನನಗೆ ಅವಳ ಮೇಲಿನ ಸಿಟ್ಟೂ ಇಳಿಯಲಿಲ್ಲ, ಮತ್ತೆ ಬೈಯಲೂ ಆಗಲಿಲ್ಲ.

ಮಳೆಗಾಲಕ್ಕೆ ಯಾರೆಂದು ತೀರ್ಮಾನವಾಗುವ ಮೊದಲು ಉಳಿದದ್ದು ಒಂದೇ ರವಿವಾರ. ಅನಮೋಡ ಘಾಟ್ ದಾಟಿ ಗೋವಾಕ್ಕೆ ಹೊರಟಿದ್ದ ಒಂದು ಸಂಸಾರ ಊಟಕ್ಕೆ ಕೂತಿತ್ತು. ಈ ಸಲ ನಾಚಿಕೆ ಮಾನ ಎಲ್ಲ ಗೂಟಕ್ಕೆ ಹಾಕಿ, ಯಜಮಾನರ ಕುರ್ಚಿ ಪಕ್ಕದಲ್ಲೇ ನಿಂತುಬಿಟ್ಟೆ. "ಅಣ್ಣಾರ, ಫೋನಿನ್ಯಾಗ ನನ್ನ ಹೆಸರೂ ಹಾಕ್ರಿ." ಆಮೇಲೆ ಹಾಕುತ್ತೇನೆ ಎಂದರು. "ಆಮ್ಯಾಲೆ ಮರೀತೀರಿ, ಈಗ ಹಾಕ್ರಿ. ಇಲ್ಲಾಂದ್ರ ನನ್ನ ತಗದ ಬಿಡ್ತಾರ್ರಿ." ಹೇಳುತ್ತ ಹೇಳುತ್ತ ಅಳು ಬಂತು. ಮಕ್ಕಳು ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದವು. ಅವರ ಹೆಂಡತಿ ಗಡಿಬಿಡಿಯಿಂದ, "ಬರೀತೀವಿ ಅಮ್ಮಾ, ನೀವು ಹೋಗಿ" ಎಂದರು. ನನ್ನ ಹೆಸರು ಹೇಳಿ, ಅವರ ಬಾಯಲ್ಲೂ ಒಮ್ಮೆ ಹೇಳಿಸಿಯೇ ನಾನು ಹೋದದ್ದು. ಆ ರಾತ್ರಿ ಮನೆಯವರಿಗೆ, "ಚಿಂತಿ ಬಿಡ್ರಿ, ಆತು" ಎಂದು ಹೇಳಿ ನಿದ್ದೆ ಮಾಡಿದೆ.

ಅವರು ಮಾತು ತಪ್ಪಿರಲಿಲ್ಲ. ಸೋಮವಾರ ಸಾಹೇಬರು ಊಟ ಮಾಡುತ್ತ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳಿದರು. "ರೂಮು ಚಲೋ, ಊಟ ಚಲೋ. ಆದ್ರ ಅಡಿಗಿ ಹೆಣ್ಮಗಳು ನಮ್ಮನ್ನ ಉಣ್ಣಾಕ ಬಿಡಲಿಲ್ಲ. ಹೆಸರು ಬರೀರಿ ಅಂತ ಬೆನ್ನ ಹತ್ತಿ ಅತ್ಲು. ಮಕ್ಕಳು ಅಂಜಿದ್ವು." ಕೆಳಗೆ ನನ್ನ ಹೆಸರಿತ್ತು, ಒಂದಕ್ಷರ ತಪ್ಪಿಲ್ಲದೆ.

"ಯಾರಿದು?" ಎಂದರು. ಕೈ ಎತ್ತಿದೆ.

"ನಮ್ಮ ಮರ್ಯಾದಿ ಕಳದ್ರಲ್ಲ ಬಾಯಾರ. ಈ ವಾರ ಮುಗಿಸಿ ಕೆಲಸ ಬಿಟ್ಟ ಬಿಡ್ರಿ."

ಏನಾದರೂ ಹೇಳಲೇಬೇಕಿತ್ತು. "ಸಾಹೇಬ್ರ, ಈಗ ನೀವು ತಿನ್ನಾಕತ್ತೀರಲ್ಲ, ಅದು ನಾನ ಬಡದ ರೊಟ್ಟಿರಿ. ಇಷ್ಟ ವರ್ಷ ನೀವು ಉಂಡಿದ್ದೆಲ್ಲಾ ನನ್ನ ಕೈ ರೊಟ್ಟಿರಿ."

ಅವರು ತಾಟಿನ ಕಡೆ ನೋಡಿದರು. ಮುರಿದ ತುಂಡನ್ನು ಪಲ್ಯಕ್ಕೆ ಅದ್ದಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದರು.

"ರೊಟ್ಟಿ ಮಾತ್ರ ಬಾಳ ಚಲೋ ಅದಾವ," ಅಂದರು. "ಹೋಗೂದ್ರಾಗ ಇವರ ಪೈಕಿ ಯಾರಿಗರ ಕಲಿಸಿ ಹೋಗ್ರಿ."

ಆ ವಾರದ ಪಗಾರ ಬಿಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಲಿಸಿದೆ.