ನಡುಹೊಳೆಯ ಜಹಾಜು

ಬಿಳಿ ಹೊಗೆ ಬಂತು ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ಯಾಕೆಂದರೆ ಡೀಸೆಲ್ಲಿನಲ್ಲಿ ನೀರು ಸೇರಿದರೆ ಹೊಗೆ ಬೆಳ್ಳಗಾಗುತ್ತದೆ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬೇರೆ ಊರಿನಲ್ಲಿ, ಯಾರದೋ ಜೀಪು ಕೆಟ್ಟು ನಿಂತಾಗ. ಆ ಜೀಪಿನ ಹೊಗೆಯನ್ನೇ ತಂದು ಭೀಮಾ ಹೊಳೆಯ ಮೇಲೆ ಬಿಟ್ಟಿದ್ದೇನೋ ಏನೋ. ಹೊಗೆ ಬಂದಿರಲೂಬಹುದು, ಬರದೇ ಇರಲೂಬಹುದು. ಇಂಜಿನ್ನಿನ ಸದ್ದು ನಿಂತದ್ದು ಮಾತ್ರ ನಿಜ. ಅದು ನಿಂತ ಕೂಡಲೇ ನೀರಿನ ಸದ್ದು ಕೇಳಿಸಿತು. ಅಲ್ಲಿಯವರೆಗೆ ನಾವು ನೀರಿನ ಮೇಲಿದ್ದೇವೆ ಎಂಬುದೇ ಮರೆತುಹೋಗಿತ್ತು.

ಎಂಬತ್ತನೇ ಇಸವಿಯ ಆಚೆ ಈಚೆ. ನಾವು ಆಳಂದದವರು. ಅವ್ವನ ತವರು ಜೇವರ್ಗಿ ತಾಲೂಕಿನ ಒಂದು ಹಳ್ಳಿ, ಭೀಮೆಯ ಆಚೆ ದಂಡೆಯಿಂದ ಸ್ವಲ್ಪ ಒಳಗೆ. ಆಳಂದದಿಂದ ಅಫಜಲಪುರಕ್ಕೆ ಒಂದು ಬಸ್ಸು, ಅಲ್ಲಿಂದ ಹೊಳೆಯ ದಂಡೆಗೆ ಇನ್ನೊಂದು. ಆ ಭಾಗದಲ್ಲಿ ಆಗ ಸೇತುವೆ ಇರಲಿಲ್ಲ. ದೊಡ್ಡದೊಂದು ಕಟ್ಟಿಗೆಯ ದೋಣಿಗೆ ಹೊಲಕ್ಕೆ ನೀರೆತ್ತುವ ಡೀಸೆಲ್ ಇಂಜಿನ್ ಕೂಡಿಸಿ ಒಬ್ಬ ರೈತ ಜನರನ್ನು ದಾಟಿಸುತ್ತಿದ್ದ. ಜನ ಅದಕ್ಕೆ ಜಹಾಜು ಅನ್ನುತ್ತಿದ್ದರು. ಮೊದಮೊದಲು ಚೇಷ್ಟೆಗೆ ಇಟ್ಟ ಹೆಸರು, ಆಮೇಲೆ ಯಾರೂ ನಗುತ್ತಿರಲಿಲ್ಲ. 'ಜಹಾಜ ಬಂತೇನ್ರಿ' ಎಂದು ಬಸ್ಸು ಕೇಳುವ ದನಿಯಲ್ಲೇ ಕೇಳುತ್ತಿದ್ದರು.

ಅಂದು ಬನ್ನಿಯ ದಿನ. ಮಹಾನವಮಿಯ ಮರುದಿನ ಬನ್ನಿ ಎಲೆ ಕೊಟ್ಟು, ತೆಗೆದುಕೊಂಡು, 'ಬಂಗಾರದಂಗ ಇರೋಣು' ಅನ್ನುವುದು ನಮ್ಮಲ್ಲಿ ರೂಢಿ. ಕಿರಿಯರು ಹಿರಿಯರ ಮನೆಗೆ ಹೋಗಬೇಕು. ಮಾತು ಬಿಟ್ಟವರು ಅವತ್ತೊಂದು ದಿನ ಮತ್ತೆ ಮಾತಾಡಬಹುದು. ಯಾರು ಸೋತರು ಎಂಬ ಲೆಕ್ಕ ಅವತ್ತು ಇರುವುದಿಲ್ಲ, ಇದ್ದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವ್ವ ಹೊರಟದ್ದು ಅದಕ್ಕೇ. ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ನನ್ನನ್ನು ತನ್ನ ಮಗನಿಗೆ ಕೇಳಿದ್ದ. ಅವ್ವ ಕೊಡುವುದಿಲ್ಲ ಅಂದಿದ್ದಳು. 'ಓದಾಕತ್ಯಾಳ, ಓದ್ಲಿ' ಅಂದದ್ದು ಅಪ್ಪನಲ್ಲ, ಅವ್ವನೇ. ಅಂದಿನಿಂದ ಮಾಮ ನಾಗರ ಪಂಚಮಿಗೆ ಅವಳನ್ನು ಕರೆಯಲು ಬರುವುದನ್ನು ಬಿಟ್ಟ. ಪಂಚಮಿಗೆ ಅಣ್ಣ ಬಾರದಿದ್ದರೆ ಹೆಣ್ಣಿಗೆ ತವರಿನ ಬಾಗಿಲು ಮುಚ್ಚಿದಂತೆ. ತಾನಾಗಿ ಹೋಗುವ ಹಾಗಿಲ್ಲ. ನಮ್ಮ ಓಣಿಯ ಬೇರೆ ಹೆಣ್ಣುಮಕ್ಕಳು ತವರಿಗೆ ಹೋಗಿ ಉಂಡಿ, ಜೋಳದ ಅಳ್ಳು ಕಟ್ಟಿಕೊಂಡು ಬರುವಾಗ ಅವ್ವ ಮನೆಯಲ್ಲೇ ಇದ್ದಳು. ಆ ವರ್ಷ ಮಹಾನವಮಿಗೆ ಮುಂಚೆ ಮಾಮ ಯಾರ ಕೈಲೋ ಹೇಳಿಕಳಿಸಿದ: ಬನ್ನಿಗೆ ಬರಲಿ, ಹೊಳೆದಂಡಿಗೆ ಬಂಡಿ ತರ್ತೇನಿ.

ಅವ್ವ ನಸುಕಿನಲ್ಲೇ ಓಣಿಯ ಬನ್ನಿ ಗಿಡಕ್ಕೆ ಕೈಮುಗಿದು ಎಲೆ ಹರಿದುಕೊಂಡಳು. ಬನ್ನಿ ಸಂಜೆಗೆ ತರುವುದು, ಬೆಳಿಗ್ಗೆ ಅಲ್ಲ. ಆದರೆ ಅಣ್ಣನ ಮನೆಗೆ ಬರಿಗೈಲೆ ಹೋಗಿ ಅವನ ಊರಿನ ಎಲೆಯನ್ನೇ ಅವನಿಗೆ ಕೊಡುವುದು ಅವಳಿಗೆ ಸರಿಕಾಣಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದ ಮೇಲುಗಡೆ ಇಟ್ಟುಕೊಂಡಳು. ನನ್ನನ್ನು ಯಾಕೆ ಕರೆದುಕೊಂಡಳೋ. ಜಗಳದ ಮೂಲವೇ ನಾನು. ನನ್ನ ತಮ್ಮ ತಾನೂ ಜೊತೆಗಿದ್ದೆ ಎಂದು ಇವತ್ತಿಗೂ ಹಟ ಹಿಡಿಯುತ್ತಾನೆ. ನನ್ನ ಕಣ್ಣ ಮುಂದಿನ ಜಹಾಜಿನಲ್ಲಿ ಅವನು ಎಲ್ಲೂ ಇಲ್ಲ.

ದಂಡೆಗೆ ಬಂದಾಗ ಜಹಾಜು ಮದುಮಗನ ಹಾಗೆ ನಿಂತಿತ್ತು. ಹಿಂದಿನ ದಿನ ಖಂಡೆಪೂಜೆ. ನಮ್ಮ ಕಡೆ ಅವತ್ತು ಕುಡುಗೋಲು, ತಕ್ಕಡಿ, ಹೊಲಿಗೆ ಯಂತ್ರ ಎಲ್ಲದಕ್ಕೂ ಪೂಜೆಯಾಗುತ್ತದೆ. ಇಂಜಿನ್ನಿಗೆ ಚೆಂಡುಹೂವಿನ ಸರ, ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಎಣ್ಣೆಯ ಮಸಿ ಒಂದಿಷ್ಟೂ ಇಲ್ಲದೆ ಹಸಿರು ಬಣ್ಣ ಹೊಳೆಯುತ್ತಿತ್ತು.

"ಭಾರಿ ಚಂದ ಕಾಣ್ತದಲ್ಲಪಾ," ಅಂದಳು ಬಳೆಗಾರ ಮುದುಕಿ. ಬಳೆಯ ಮಲಾರವನ್ನು ಹೆಗಲಿನಿಂದ ಇಳಿಸಿ ಅವ್ವನ ಪಕ್ಕದಲ್ಲೇ ಕೂತಳು.

"ಕಾಣಲಾರದ ಏನ್ರಿ, ತಿಕ್ಕಿ ತಿಕ್ಕಿ ತೊಳದೇನಿ," ಅಂದ ಜಹಾಜಿನವನು.

ಹಗ್ಗ ಬಿಚ್ಚಿದ. ಇಂಜಿನ್ ಒಂದೇ ಏಟಿಗೆ ಶುರುವಾಯಿತು. ಹೊಳೆಯ ಅರ್ಧ ದಾಟುವ ಮೊದಲೇ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿತು, ನಿಂತಿತು. ಅವನು ಗಳ ಊರಿ, ಇನ್ನಿಬ್ಬರ ಕೈಗೂ ಗಳ ಕೊಟ್ಟು, ದೋಣಿಯನ್ನು ನಡುಹೊಳೆಯ ಮರಳು ದಿಬ್ಬಕ್ಕೆ ತಂದು ಹಚ್ಚಿದ. ಮಳೆಗಾಲದ ಸೆಳವು ಇಳಿದಿತ್ತು, ಅಂಜಿಕೆಯೇನೂ ಇರಲಿಲ್ಲ. ಕೆಲವರು ಇಳಿದು ಕಾಲು ಚಾಚಿದರು. ಜಾಲಿ ಗಿಡ ಒಂದಿತ್ತು, ಅದರ ನೆರಳಿಗೆ ಹೆಂಗಸರು ಸರಿದೆವು. ಗಿಡ ಇತ್ತೆಂದು ಬರೆಯುತ್ತಿದ್ದೇನೆ; ನೆರಳಿತ್ತು ಎಂಬುದರಿಂದ ಗಿಡವೂ ಇದ್ದಿರಬೇಕು.

ಅವನು ಹ್ಯಾಂಡಲ್ ತಿರುವಿದ, ನಳಿಗೆ ಬಿಚ್ಚಿದ, ಬಾಯಿಟ್ಟು ಊದಿದ. ಕೊನೆಗೆ ಡೀಸೆಲ್ ಡಬ್ಬಿಯ ತಳದ ತಿರುಪು ಸಡಿಲಿಸಿ ಅಂಗೈಗೆ ಬಿಟ್ಟುಕೊಂಡು ನೋಡಿದ. ನೋಡುತ್ತಲೇ ಇದ್ದ.

"ಏನಾತೋ?" ಎಂದು ಕೇಳಿದರು ಅರಿವೆ ವ್ಯಾಪಾರದ ಸಾಹೇಬರು. ಬಿಳಿ ಟೊಪ್ಪಿಗೆ, ಮೊಳಕಾಲಿನ ಮೇಲೆ ಗಂಟು.

"ನೀರ್ರಿ."

"ಹೊಳ್ಯಾಗ ನೀರ್ ಇರಲಾರ್ದ ಏನಿರ್ತದ? ಇಂಜಿನ್ನಿಗಿ ಏನಾತಂತ ಕೇಳಿದ್ರ."

"ಇಂಜಿನ್ನಿನಾಗ ಅದಾವ್ರಿ ನೀರು."

ಎಲ್ಲರೂ ಅವನ ಅಂಗೈ ನೋಡಿದರು. ಅವನೇ ಹೇಳಿದ, ಬಹಳ ಸಣ್ಣ ದನಿಯಲ್ಲಿ: "ನಿನ್ನಿ ಮೈ ತೊಳದೇನ್ರಿ. ಕೊಡಾ ತಗೊಂಡು ನೆತ್ತಿ ಮ್ಯಾಗಿಂದ ಹಾಕೇನಿ."

ಡಬ್ಬಿಯ ಮುಚ್ಚಳ ಎಂದೋ ಕಳೆದುಹೋಗಿತ್ತು, ಅದರ ಬಾಯಿಗೆ ಅವನು ಅರಿವೆ ತುರುಕಿದ್ದ. ಜಹಾಜಿಗೆ ಮೊದಲು ಅವನ ಬದುಕೆಲ್ಲ ಎತ್ತಿನ ಜೊತೆ ಕಳೆದಿತ್ತು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಗೊತ್ತಿದ್ದ ಕೈ ಅದು. ಎತ್ತಿಗಾದರೆ ನೆತ್ತಿಯಿಂದಲೇ ಸುರಿಯಬೇಕು.

"ಕಿವ್ಯಾಗ ಹೊಕ್ಕೀತಂತ ಕಿವಿ ಮುಚ್ಚಿ ಹಿಡಕೋಬೇಕಿತ್ತಲ್ಲಪಾ," ಅಂದಳು ಬಳೆಗಾರ ಮುದುಕಿ.

"ಹಿಂಡಿ ತಿನಿಸೀಯಿಲ್ಲ?" ಅಂದರು ಸಾಹೇಬರು. "ಕೊಂಬಿಗಿ ಬಣ್ಣ?"

"ಕೊಂಬಿಲ್ಲ ಅಂತ ಬಿಟ್ಟಾನ್ರಿ, ಇದ್ರ ಬಳೀತಿದ್ದ," ಅಂದರು ಇನ್ನಾರೋ.

ಜಹಾಜಿನವನೂ ನಕ್ಕ. ನಗುತ್ತಲೇ ಚೆಂಡುಹೂವಿನ ಸರ ತೆಗೆದು ಪಕ್ಕಕ್ಕಿಟ್ಟ, ಬಿಸಾಡಲಿಲ್ಲ. ಇದ್ದ ಡೀಸೆಲ್ ಎಲ್ಲ ಚೆಲ್ಲಬೇಕು, ನಳಿಗೆ ಒಣಗಿಸಬೇಕು, ಹೊಸದು ತರಬೇಕು. ಮೀನು ಹಿಡಿಯುವವನ ಹರಿಗೋಲು ಹತ್ತಿರದಲ್ಲೇ ಇತ್ತು. ಕೂಗಿ ಕರೆದು, ಡಬ್ಬಿ ತೆಗೆದುಕೊಂಡು, ಅಫಜಲಪುರದ ಕಡೆಯ ದಂಡೆಗೆ ವಾಪಸು ಹೋದ. ನಮ್ಮ ಬುತ್ತಿಗಳು ಬಿಚ್ಚಿಕೊಂಡವು. ಹಬ್ಬದ ಮರುದಿನ, ಎಲ್ಲರ ಗಂಟಿನಲ್ಲೂ ಹೋಳಿಗೆ. ಸಾಹೇಬರಿಗೆ ನಾಲ್ಕು ಮನೆಯ ಹೋಳಿಗೆ ಸಿಕ್ಕವು. ಜಹಾಜು ದಿನಾ ಕೆಡಲಿ ಎಂದರು.

ಅವ್ವ ತಿನ್ನಲಿಲ್ಲ. ಅವಳು ಆಚೆ ದಂಡೆ ನೋಡುತ್ತಿದ್ದಳು.

ಅಲ್ಲಿ ಒಂದು ಬಂಡಿ ನಿಂತಿತ್ತು. ನೊಗ ಬಿಚ್ಚಿದ ಎರಡು ಎತ್ತು, ಬಂಡಿಯ ಮೂಕಿಯ ಮೇಲೋ ನೆಲದ ಮೇಲೋ ಕೂತ ಒಬ್ಬ ಮನುಷ್ಯ. ತಲೆಗೆ ಬಿಳಿ ರುಮಾಲು. ಆ ದೂರಕ್ಕೆ ಬಿಳಿ ರುಮಾಲಿನವರೆಲ್ಲ ಒಂದೇ.

"ಮಾಮನ ಏನವ್ವಾ?" ಎಂದು ಕೇಳಿದೆ.

"ಯಾರಿಗಿ ಗೊತ್ತು."

"ಎತ್ತು ನಿನಗ ಗುರ್ತು ಸಿಗಂಗಿಲ್ಲ?"

"ನಾ ಎಲ್ಲಿ ನೋಡೇನಿ ಈಗಿನ ಎತ್ತು." ಕಣ್ಣಿಗೆ ಕೈ ಅಡ್ಡ ಹಿಡಿದು, "ನಾ ಬರೂದು ಬಿಟ್ಟ ಮ್ಯಾಲ ತಂದಿರ್ತಾನ," ಅಂದಳು.

ಹರಿಗೋಲು ಡೀಸೆಲ್ಲಿನ ಜೊತೆ ತಿರುಗಿ ಬಂತು. ಮೀನಿನವನು ತನ್ನ ಬುಟ್ಟಿ ಸರಿಸುತ್ತ ಹೇಳಿದ: "ನಾ ಆ ದಂಡಿಗೇ ಹೊಂಟೇನ್ರಿ. ಇಂವಂದು ಇನ್ನ ಹೊತ್ತಾಗ್ತದ. ಅರ್ಜಂಟ್ ಇದ್ದವ್ರು ಇಬ್ರು ಕುಂದರ್ರಿ."

ಬಳೆಗಾರ ಮುದುಕಿ ಅವ್ವನ ಮೊಳಕೈ ತಿವಿದಳು. ಯಾರ ಮನೆಗೆ, ಯಾಕೆ ಹೊರಟಿದ್ದೇವೆ ಎಂಬುದನ್ನು ಅಷ್ಟು ಹೊತ್ತಿಗೆ ಅವಳು ಪೂರ್ತಿ ತಿಳಿದುಕೊಂಡಿದ್ದಳು. "ಹೋಗ ಬೇ. ಅಣ್ಣ ಕಾಯಾಕತ್ತಾನ. ಮಗಳನ್ನ ಕರ್ಕೊಂಡು ಹೋಗು."

ಅವ್ವ ಚೀಲಕ್ಕೆ ಕೈ ಹಾಕಿದಳು. ಏಳುತ್ತಾಳೆ ಎಂದುಕೊಂಡು ನಾನು ಎದ್ದೆ. ಅವಳು ಬನ್ನಿಯ ಗಂಟನ್ನು ತೆಗೆದು, ಹೊಳೆಯ ನೀರು ಚಿಮುಕಿಸಿ, ಮತ್ತೆ ಒಳಗಿಟ್ಟಳು.

"ಎಲ್ಲಾರ ಜೋಡಿ ಬರ್ತೇವಿ. ನೀವು ಹೋಗ್ರಿ ಯವ್ವಾ."

"ಹರಿಗೋಲಿಗಿ ಅಂಜ್ತೀ ಏನು? ಈ ಹೊಳೀ ಮಗಳು ನೀ."

"ಹೋಗ್ರಿ ನೀವು."

ಮುದುಕಿ ಮಲಾರ ಎತ್ತಿಕೊಂಡು ಹೋದಳು. ಅವಳ ಜೊತೆ ಇನ್ನೊಬ್ಬರು ಯಾರೋ ಹೋದರು. ಹರಿಗೋಲು ತಿರುತಿರುಗಿ ಸಣ್ಣದಾಯಿತು. ಆಚೆ ದಂಡೆಯಲ್ಲಿ ಇಳಿದವರು ಬಂಡಿಯ ಹತ್ತಿರ ಹಾದುಹೋದರು. ನಿಂತು ಮಾತಾಡಿದರೋ ಇಲ್ಲವೋ, ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ ಈಗ ಎರಡೂ ಕಾಣುತ್ತವೆ. ನಿಂತದ್ದೂ, ನಿಲ್ಲದೆ ಹೋದದ್ದೂ. ಆಮೇಲೆ ಬಂಡಿಯವನು ಎತ್ತು ಹೂಡಿದ. ಬಂಡಿ ತಿರುಗಿತು. ಅವಸರವಿರಲಿಲ್ಲ. ದಂಡೆಯ ಏರು ಹತ್ತಿ ಮರೆಯಾಯಿತು.

ಅವ್ವ ಅದನ್ನು ಕಡೆಯವರೆಗೂ ನೋಡಿದಳು. ಆಮೇಲೆ ಬುತ್ತಿ ಬಿಚ್ಚಿ ಅರ್ಧ ಹೋಳಿಗೆ ತಿಂದಳು, ಇನ್ನರ್ಧ ನನಗೆ ಕೊಟ್ಟಳು.

ಇಂಜಿನ್ ಹೊತ್ತು ಇಳಿಯುವಾಗ ಶುರುವಾಯಿತು. ಜನ ಜಹಾಜಿನವನ ಬೆನ್ನು ಚಪ್ಪರಿಸಿದರು. ಮುಂದಿನ ಖಂಡೆಪೂಜೆಗೆ ಒಣ ಅರಿವೆಯಿಂದ ಒರೆಸು ಎಂದು ಸಾಹೇಬರು ಹೇಳಿದ್ದಕ್ಕೆ ಅವನು, "ವರ್ಷಕ್ಕೊಮ್ಮಿ ಜಳಕಾ ಮಾಡಸಲಾರ್ದ ಹೆಂಗ್ರಿ, ಅದಕೂ ಜೀವ ಐತಿ," ಅಂದ. ಮನಸ್ಸಿನಿಂದಲೇ ಹೇಳಿದ ಮಾತು ಅದು.

ಆಚೆ ದಂಡೆಯಲ್ಲಿ ನಮಗಾಗಿ ಬಂದವರು ಯಾರೂ ಇರಲಿಲ್ಲ. ಜಹಾಜು ಆ ದಂಡೆಯಲ್ಲಿ ಕಾದವರನ್ನು ಹತ್ತಿಸಿಕೊಂಡು ಕೂಡಲೇ ತಿರುಗುವುದಿತ್ತು. "ವಾಪಸ್ ಬರ್ತೀರೇನ್ರಿ? ನಾಳಿ ಮುಂಜಾನಿತನಾ ಮತ್ತ ಇಲ್ಲ," ಎಂದು ಅವನು ಕೇಳಿದ. ನಾನು ಅವ್ವನ ಮುಖ ನೋಡಿದೆ. ಅಣ್ಣ ಕರೆಯಲು ಬಾರದ ಮನೆಗೆ ಕಾಲ್ನಡಿಗೆಯಲ್ಲಿ ತಾನಾಗಿ ಹೋಗಿ ನಿಲ್ಲುವುದು ಅವಳಿಗೆ ಎಂಥದೆಂದು ಅಷ್ಟು ವಯಸ್ಸಿಗೆ ನನಗೆ ಗೊತ್ತಿತ್ತು.

"ಇಲ್ಲಪಾ," ಅಂದಳು. ಸೀರೆಯ ನಿರಿಗೆ ಎತ್ತಿ ಕಟ್ಟಿ ಬಂಡಿದಾರಿ ಹಿಡಿದಳು.

ದಾರಿಯ ಎರಡೂ ಕಡೆ ತೊಗರಿ. ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಜನ ಬನ್ನಿ ಹಿಡಿದು ಮನೆಮನೆಗೆ ಹೊರಟಿದ್ದರು. ಮಾಮ ಪಡಸಾಲೆಯಲ್ಲಿ ಕೂತಿದ್ದ, ತೊಳೆದ ಧೋತರ, ಹಣೆಗೆ ವಿಭೂತಿ. ಅವ್ವ ಹೊಸ್ತಿಲಲ್ಲಿ ನಿಂತಳು. ಅವನು ಎದ್ದ. ಅವಳು ಬನ್ನಿಯ ಗಂಟು ಬಿಚ್ಚಿದರೆ ಎಲೆಗಳು ಉದುರಿ ಕಡ್ಡಿಯಷ್ಟೇ ಉಳಿದಿತ್ತು. ಉದುರಿದ್ದನ್ನೇ ಬಳಿದು ಅಂಗೈಯಲ್ಲಿಟ್ಟು ಚಾಚಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಅವಳು ಕಾಲಿಗೆ ಬಾಗಿದಳು. ಆಮೇಲೆ ನಾನೂ ಬಾಗಿದೆ. ಅವನ ಕೈ ನನ್ನ ತಲೆಯ ಮೇಲೆ ಒಂದು ಕ್ಷಣ ಇತ್ತು.

"ಜಹಾಜ ಕೆಟ್ಟಿತ್ತಂತ," ಅಂದ.

"ಹೌದು," ಅಂದಳು ಅವ್ವ.

"ಕೈಕಾಲ ತೊಕ್ಕೋರಿ. ಉಣ್ಣೂಣು."

ಅಷ್ಟೇ. ಮದುವೆಯ ಮಾತು ಮತ್ತೆಂದೂ ಆ ಮನೆಯಲ್ಲಿ ಬರಲಿಲ್ಲ. ಮುಂದಿನ ಪಂಚಮಿಗೆ ಮಾಮ ಕರೆಯಲು ಬಂದ, ಅದರ ಮುಂದಿನ ವರ್ಷವೂ ಬಂದ, ಮೊಳಕಾಲು ನೋವು ಶುರುವಾಗುವವರೆಗೂ ಬರುತ್ತಿದ್ದ.

ಬಹಳ ವರ್ಷಗಳ ಮೇಲೆ, ನಾನು ಹೀಗೆಲ್ಲ ಬರೆಯತೊಡಗಿದ ಮೇಲೆ, ಅವ್ವನನ್ನು ಕೇಳಿದೆ: ಅವತ್ತು ಹರಿಗೋಲು ಯಾಕೆ ಹತ್ತಲಿಲ್ಲ? ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ಯಾವ ಹರಿಗೋಲು?" ಅಂದಳು. ನಾನು ವಿವರಿಸಿದೆ. ಮುದುಕಿ, ಮೀನಿನ ಬುಟ್ಟಿ, ಆಚೆ ದಂಡೆಯ ಬಂಡಿ. ಜಹಾಜು ಕೆಟ್ಟದ್ದು ನೆನಪಿದೆ, ಇಂಜಿನ್ನಿಗೆ ಜಳಕ ಮಾಡಿಸಿದ್ದೂ ನೆನಪಿದೆ, ಆದರೆ ಹರಿಗೋಲು ಬರಲೇ ಇಲ್ಲ ಅಂದಳು. "ಬಂದಿದ್ರ ಹತ್ತತಿದ್ದಿಲ್ಲೇನು ನಾ?"

ಮರೆತಿದ್ದಳೋ, ಮರೆತಂತೆ ಮಾಡಿದಳೋ. ಅಥವಾ ನಾನೇ ಹರಿಗೋಲಿನಲ್ಲಿ ಎರಡು ಜಾಗ ಖಾಲಿ ಮಾಡಿಟ್ಟೆನೋ. ಅಣ್ಣ ಇನ್ನೂ ಸ್ವಲ್ಪ ಕಾಯಲಿ ಎಂದು ಅವಳು ಕೂತಿದ್ದಳೆಂದು ಒಮ್ಮೆ ಅನಿಸುತ್ತದೆ, ಅಂಜಿ ಕೂತಿದ್ದಳೆಂದು ಇನ್ನೊಮ್ಮೆ. ಮುದುಕಿ ಹೇಳಿದ್ದರಿಂದ ಮಾಮ ತಿರುಗಿ ಹೋದನೇ, ತಂಗಿ ಹತ್ತದಿರುವುದನ್ನು ತಾನೇ ಕಂಡು ಹೋದನೇ, ಅಥವಾ ಅಲ್ಲಿದ್ದವನು ಅವನೇ ಅಲ್ಲವೇ? ಮಾಮನನ್ನು ನಾನು ಕೇಳಲಿಲ್ಲ, ಈಗ ಕೇಳಲು ಅವನೂ ಇಲ್ಲ, ಅವ್ವನೂ ಇಲ್ಲ. ಆ ಬಂಡಿ ಯಾರದೆಂದು ನನಗೆ ಗೊತ್ತಿಲ್ಲ. ಅವ್ವ ದಿಬ್ಬದ ಮೇಲೆ ಯಾಕೆ ಕೂತಳೆಂದೂ ಗೊತ್ತಿಲ್ಲ.