ಒಬ್ಬಳಿಗೆ ಹೆಚ್ಚಾದ ಒಲೆ

ಮದುವೆ ಮುರಿದುಕೊಂಡು ದಾಸರಹಳ್ಳಿಯ ವಠಾರವೊಂದರಲ್ಲಿ ಕೋಣೆ ಹಿಡಿದಾಗ ನನಗೆ ಗ್ಯಾಸ್ ಸಂಪರ್ಕ ಸಿಗಲಿಲ್ಲ. ಬಾಡಿಗೆ ಪತ್ರ ಬರೆದುಕೊಡಲು ಮನೆ ಮಾಲೀಕರಿಗೆ ಕೈ ನೋಯುತ್ತಿತ್ತು. ಹಾಗಾಗಿ ಪೆಲೆಟ್ ಒಲೆ ತಂದೆ. ಎರಡು ಸಾವಿರದ ಹತ್ತರ ಸುಮಾರಿಗೆ ಅದು ಹೊಸ ವಸ್ತು. ಮರದ ಪುಡಿ, ಕಡಲೆಕಾಯಿ ಸಿಪ್ಪೆ ಒತ್ತಿ ಮಾಡಿದ ಗಟ್ಟಿ ತುಂಡುಗಳನ್ನು ಡಬ್ಬದಂಥ ಒಲೆಗೆ ತುಂಬಿ, ಸ್ವಲ್ಪ ಸೀಮೆಎಣ್ಣೆ ಚಿಮುಕಿಸಿ ಕಡ್ಡಿ ಗೀರಬೇಕು. ಕೆಳಗೆ ಬ್ಯಾಟರಿಯ ಪುಟ್ಟ ಫ್ಯಾನು ಗೊರ್ ಎನ್ನುತ್ತ ಗಾಳಿ ಊದುತ್ತದೆ. ಒಂದೇ ತೊಂದರೆ, ಹತ್ತಿದರೆ ತುಂಬಿದ್ದೆಲ್ಲ ಮುಗಿಯುವವರೆಗೆ ಆರಿಸುವಂತಿಲ್ಲ. ನನ್ನ ಅನ್ನ ಸಾರು ಇಳಿಸಿದ ಮೇಲೂ ಉರಿ ಉಳಿದೇ ಇರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ.

ಪಕ್ಕದ ಕೋಣೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಒಬ್ಬರೇ ಇದ್ದರು. ಮನೆಯ ಮಾತು ಉರ್ದು, ನನ್ನ ಜೊತೆ ಕನ್ನಡ. ಒಂದು ಸಂಜೆ ಹಾಲಿನ ಪಾತ್ರೆ ಹಿಡಿದು ನನ್ನ ಬಾಗಿಲಲ್ಲಿ ನಿಂತರು.

"ನಿಮ್ಮ ಫ್ಯಾನ್ ಇನ್ನೂ ತಿರುಗ್ತಾ ಇದೆ. ಬೆಂಕಿ ವೇಸ್ಟ್ ಆಗ್ತಿದ್ರೆ ಹಾಲು ಕಾಯಿಸ್ಕೊಳ್ಲಾ?"

ಅಂದಿನಿಂದ ಗೋಡೆಯಾಚೆ ಫ್ಯಾನಿನ ಗೊರ್ ಸದ್ದು ಕೇಳಿದೊಡನೆ ಬರುತ್ತಿದ್ದರು. ಹಾಲು ಉಕ್ಕುವ ತನಕ ನಮ್ಮ ಹರಟೆ: ಬಾರದ ನೀರಿನ ಟ್ಯಾಂಕರು, ಮಾಲೀಕರ ಜಿಪುಣತನ, ನನ್ನ ಗಾರ್ಮೆಂಟ್ಸಿನ ಸೂಪರ್‌ವೈಸರ್. ನನ್ನ ಬಾಯಿ ಜೋರು. ಅದಕ್ಕೆ ಹೆದರದೆ ನಗುತ್ತಿದ್ದವರು ಅವರೊಬ್ಬರೇ. ಅರ್ಧ ತುಂಬಿದರೆ ನನ್ನ ಅಡುಗೆಗೆ ಸಾಕೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಆದರೂ ಒಲೆಯನ್ನು ಅಂಚಿನವರೆಗೆ ತುಂಬುತ್ತಿದ್ದೆ.

ಆ ಒಲೆಯನ್ನು ನಾನು ಜೋಪಾನ ಮಾಡಿದಷ್ಟು ನನ್ನ ಗಂಡನನ್ನೂ ಮಾಡಿರಲಿಲ್ಲ. ಬೂದಿ ತಟ್ಟಿ, ಗಾಳಿಯ ತೂತುಗಳನ್ನು ಸೂಜಿಯಿಂದ ಬಿಡಿಸುತ್ತಿದ್ದೆ. ಮಳೆಗಾಲದಲ್ಲಿ ತುಂಡುಗಳು ತೇವ ಹೀರಿ ಹೊಟ್ಟಾಗುತ್ತವೆಂದು ಅಕ್ಕಿ ಡಬ್ಬವನ್ನು ಅವಕ್ಕೆ ಕೊಟ್ಟು ಅಕ್ಕಿಯನ್ನು ಚೀಲದಲ್ಲಿಟ್ಟೆ. ಆದರೂ ಒಂದು ದಿನ ಫ್ಯಾನು ಕಿರ್ರೆಂದು ನಿಂತು ಕೋಣೆಯೆಲ್ಲ ಹೊಗೆಯಾಯಿತು.

"ಆ ಫ್ಯಾನ್ ಈಗ ಬರಲ್ಲ ಕಣ್ರೀ, ಹೊಸ ಒಲೆನೇ ತಗೊಳ್ಳಿ," ಅಂದ ಅಂಗಡಿಯವನು.

ಇವನ ಹೊಸ ಒಲೆಗಿಷ್ಟು ಬೆಂಕಿ ಹಾಕ ಎಂದುಕೊಂಡು ಗುಜರಿ ಅಂಗಡಿಯಿಂದ ಕಂಪ್ಯೂಟರಿನೊಳಗಿನ ಫ್ಯಾನೊಂದನ್ನು ಹುಡುಕಿ ತಂದೆ. ಭಾನುವಾರವಿಡೀ ತಂತಿ ಹೊಸೆದು, ತಗಡು ಕತ್ತರಿಸಿ ಕೂರಿಸಿದೆ. ಹಿಂದುಮುಂದಾಗಿ ಕೂರಿಸಿದ್ದರಿಂದ ಮೊದಲು ಬೂದಿಯೆಲ್ಲ ನನ್ನ ಮುಖಕ್ಕೆ ಎರಚಿತು. ಮಗುಚಿ ಕೂರಿಸಿದ ಮೇಲೆ ಉರಿ ನೆಟ್ಟಗೆ ಎದ್ದಿತು. ಸದ್ದೇ ಇಲ್ಲ. ಆ ದಿನ ನನಗೆ ನನ್ನ ಮೇಲೆ ತುಂಬ ಹೆಮ್ಮೆಯಾಯಿತು.

ಅವರು ಬರಲಿಲ್ಲ. ಮರುದಿನವೂ ಬರಲಿಲ್ಲ. ಬೇಡವಾದರೆ ಬಿಡಲಿ, ನನಗೇನು ಎಂದು ಪಾತ್ರೆ ಕುಕ್ಕಿದೆ. ಇನ್ನೊಂದು ಸಂಜೆ ತಡೆಯಲಾರದೆ, ಅನ್ನ ಇಳಿಸಿ, ಉರಿಯುವ ಒಲೆಯನ್ನು ಹಾಗೆಯೇ ಬಿಟ್ಟು ಹೋಗಿ ಅವರ ಬಾಗಿಲು ತಟ್ಟಿದೆ. ನಾನು ಆ ಬಾಗಿಲಿಗೆ ಹೋದದ್ದು ಅದೇ ಮೊದಲು.

"ಒಲೆ ಸರಿ ಆಯ್ತಾ?" ಎಂದರು ಆಶ್ಚರ್ಯದಿಂದ. "ಸದ್ದೇ ಕೇಳ್ಲಿಲ್ಲ. ಕೆಟ್ಟೇ ಇದೆ ಅಂದ್ಕೊಂಡೆ. ಕೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

ಅವರ ಹಿಂದೆ, ನೆಲದ ಮೇಲೆ, ಹೊಸ ಇಂಡಕ್ಷನ್ ಒಲೆಯಲ್ಲಿ ಹಾಲು ಕಾಯುತ್ತಿತ್ತು.

"ಮಗಳು ತಂದ್ಕೊಟ್ಲು. ಒಳಗೆ ಬನ್ನಿ, ಚಾ ಮಾಡ್ತೀನಿ. ದಿನಾ ನಾನೇ ಬರ್ತಿದ್ದೆ, ಇವತ್ತು ನೀವು ಕೂತ್ಕೊಳ್ಳಿ."

ಹೊಸ್ತಿಲು ದಾಟಿದ್ದರೆ ಸಾಕಿತ್ತು. ಆದರೆ ನನ್ನ ಬೆಂಕಿ ಬೇಡವಾದ ಮೇಲೆ ನನ್ನಿಂದ ಅವರಿಗೆ ಇನ್ನೇನು ಬೇಕು ಎಂಬುದು ನನಗೆ ಹೊಳೆಯಲಿಲ್ಲ.

"ಒಲೆ ಉರೀತಿದೆ. ಇನ್ನೊಂದಿನ ಬರ್ತೀನಿ," ಎಂದೆ.

ಸುಳ್ಳೇನೂ ಹೇಳಿರಲಿಲ್ಲ. ಬಂದು ಒಲೆಯ ಮುಂದೆ ಕೂತೆ. ಅದರ ಮೇಲೆ ಪಾತ್ರೆ ಇರಲಿಲ್ಲ. ಈಗಲೂ ತಡವಾಗಿಲ್ಲ, ಎದ್ದು ಹೋಗು, ಹೋಗು ಎಂದು ನನಗೆ ನಾನೇ ಹೇಳಿಕೊಳ್ಳುತ್ತ, ಅವರು ಬಾಗಿಲು ಹಾಕಿಕೊಂಡ ಸದ್ದು ಕೇಳುವವರೆಗೂ ಅಲ್ಲೇ ಕೂತಿದ್ದೆ.