ಹತ್ತು ಗೆಣ್ಣು ಎಣಿಸುವಷ್ಟು ಹೊತ್ತು

ಅವರ ಬಲಗೈ ಹೆಬ್ಬೆರಳಿನ ತುದಿ ಎಲ್ಲ ಕಾಲದಲ್ಲೂ ಒಣಗಿ ಬಿರಿದಿರುತ್ತಿತ್ತು. ಮಗುವನ್ನು ಏನಾದರೂ ಕೇಳಿದ ಕೂಡಲೇ ಆ ಕೈ ಸೀರೆಯ ನೆರಿಗೆಯ ಪಕ್ಕಕ್ಕೆ ಇಳಿಯುತ್ತಿತ್ತು. ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಟು, ಒಂದೊಂದೇ ಗೆಣ್ಣನ್ನು ಮುಟ್ಟುತ್ತ, ಹತ್ತನೆಯ ಗೆಣ್ಣಿನವರೆಗೆ ನಡೆಯುತ್ತಿತ್ತು. ಜಪ ಮಾಡುತ್ತಾರೇನೋ ಎಂದು ಮೊದಮೊದಲು ನಾನು ತಿಳಿದಿದ್ದೆ. ಅದು ಜಪವಲ್ಲ, ಅವರ ಕೆಲಸದ ಕ್ರಮ. ಹತ್ತು ಗೆಣ್ಣು ಮುಗಿಯುವವರೆಗೆ ಅವರು ತುಟಿ ಬಿಚ್ಚುತ್ತಿರಲಿಲ್ಲ. ಹತ್ತಿರವಿದ್ದವರು ಬಿಚ್ಚಿದರೆ ಎಡಗೈ ಎತ್ತಿ ತಡೆಯುತ್ತಿದ್ದರು.

“ಪ್ರಶ್ನೆ ಕೇಳೋದು ಸುಲಭ ಮೇಡಂ. ಕೇಳಿದ ಮೇಲೆ ಸುಮ್ನಿರೋದಿದೆ ನೋಡಿ, ಅದಕ್ಕೇ ಟ್ರೈನಿಂಗ್ ಬೇಕು” ಎನ್ನುತ್ತಿದ್ದರು.

ಇಲಾಖೆಯ ಕಾಗದಗಳಲ್ಲಿ ಅವರು ವಾಕ್ ಚಿಕಿತ್ಸಕಿ. ಮಕ್ಕಳ ಬಾಯಲ್ಲಿ ‘ಮಾತಿನ ಮೇಡಂ’. ಮಾತು ಬಾರದ, ತೊದಲುವ, ತಡೆಯುವ ಮಕ್ಕಳಿಗಾಗಿ ಸರ್ಕಾರಿ ಶಾಲೆಗಳನ್ನು ಸುತ್ತುವ ಗುತ್ತಿಗೆ ಕೆಲಸ. ಪ್ರತಿ ಏಪ್ರಿಲ್‌ನಲ್ಲಿ ನವೀಕರಣದ ಪಟ್ಟಿಗೆ ಕಾಯಬೇಕಾದ ಕೆಲಸ. ಅವರ ಪಾಲಿಗೆ ಹನ್ನೊಂದು ಶಾಲೆಗಳಿದ್ದವು. ಶ್ರೀಗಂಧದ ಕಾವಲಿನ ಅಂಚಿನಲ್ಲಿದ್ದ ನಮ್ಮ ಶಾಲೆಗೆ ಸಿಕ್ಕಿದ್ದು ಮಂಗಳವಾರದ ಬೆಳಗಿನ ಎರಡು ಗಂಟೆ. ಕೆಂಗೇರಿಯಿಂದ ಎರಡು ಬಸ್ಸು ಬದಲಿಸಿ, ಕನ್ನಡಿಯೊಂದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಹೊತ್ತು ಬರುತ್ತಿದ್ದರು. ಮಗು ತನ್ನ ತುಟಿ, ನಾಲಿಗೆಗಳ ಚಲನೆಯನ್ನು ನೋಡಿಕೊಳ್ಳಲು ಕನ್ನಡಿ ಬೇಕು. ಆದೇಶದಲ್ಲಿ ಕನ್ನಡಿಯೂ ಇತ್ತು, ‘ಸಂಪನ್ಮೂಲ ಕೊಠಡಿ’ಯೂ ಇತ್ತು. ಕನ್ನಡಿ ಬರಲೇ ಇಲ್ಲ. ಕೊಠಡಿಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಗಳಿದ್ದವು. ಮೂಟೆಗಳ ನಡುವೆ ಎರಡು ಮಣೆ ಹಾಕಿಕೊಂಡು ಅವರು ಪಾಠ ನಡೆಸುತ್ತಿದ್ದರು.

“ಹೆಗ್ಗಣಗಳಿಗೂ ಉಚ್ಚಾರಣೆ ಹೇಳ್ಕೊಡ್ತಾ ಇದೀನಿ ಮೇಡಂ. ತಪ್ಪಿಸದೆ ಕ್ಲಾಸಿಗೆ ಬರೋವು ಅವೇ” ಎಂದು ಒಮ್ಮೆ ನಕ್ಕರು.

ನಾನು ನಗಲಿಲ್ಲ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ನನಗೆ ಅವರ ರೀತಿ ಹಿಡಿಸಿರಲಿಲ್ಲ. ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಕ್ಷಣ ಉತ್ತರ ಬರಬೇಕು, ಪೂರ್ಣ ವಾಕ್ಯದಲ್ಲಿ ಬರಬೇಕು. ಆಗ ನಾನು ಮೂರನೆಯ ತರಗತಿಯ ಶಿಕ್ಷಕಿ. ಆ ತರಗತಿಯಲ್ಲಿ ಮಾನಸ ಎಂಬ ಹುಡುಗಿಯಿದ್ದಳು. ಅವಳ ಕಿವಿ ಚುರುಕು, ಬುದ್ಧಿ ಚುರುಕು. ನಾಲಿಗೆ ಮಾತ್ರ ಅವಳು ಹೇಳಿದಂತೆ ಕೇಳುತ್ತಿರಲಿಲ್ಲ. ಮಾತಿನ ಮೇಡಂ ಅವಳಿಗೆಂದು ಕೈಯಿಂದಲೇ ಚಿತ್ರ ಬರೆದು, ರಟ್ಟಿಗೆ ಅಂಟಿಸಿ, ಕಾರ್ಡುಗಳ ಗೊಂಚಲೊಂದನ್ನು ಮಾಡಿಕೊಟ್ಟಿದ್ದರು: ನೀರು, ಹಸಿವು, ನೋವು, ಶೌಚಾಲಯ, ಅಮ್ಮ. ಹುಡುಗಿ ಅದನ್ನು ಕೊರಳಿಗೆ ಹಾಕಿಕೊಂಡಿರುತ್ತಿದ್ದಳು; ಬೇಕಾದುದನ್ನು ಬೆರಳಿಟ್ಟು ತೋರಿಸುತ್ತಿದ್ದಳು. ಹಾಜರಿಗೆ ಇನ್ನೊಂದು ಏರ್ಪಾಡು. ಹೆಸರು ಕರೆದಾಗ ಅವಳು ಡೆಸ್ಕನ್ನು ಎರಡು ಸಲ ಕುಟ್ಟಬೇಕು.

“ಅವಳ ಕೈಗೂ ಸ್ವಲ್ಪ ಟೈಮ್ ಬೇಕು. ಹೆಸರು ಕೂಗಿ ಹತ್ತು ಎಣಿಸಿ. ಬಂದೇ ಬರತ್ತೆ” ಎಂದು ಅವರು ನನಗೆ ಹೇಳಿದ್ದರು.

ನಾನು ಎಣಿಸಲಿಲ್ಲ. ನಲವತ್ತೆರಡು ಹೆಸರುಗಳಿರುವಾಗ ಒಂದು ಹೆಸರಿಗೆ ಹತ್ತು ಎಣಿಸಿದರೆ ಶಿಸ್ತು ಉಳಿಯುವುದೇ? “ಮಾನಸ” ಎಂದು ಕೂಗಿ, ಕಣ್ಣಲ್ಲೇ ಅವಳನ್ನು ಕಂಡು, ಗುರುತು ಹಾಕಿ ಮುಂದಿನ ಹೆಸರಿಗೆ ಹೋಗುತ್ತಿದ್ದೆ. ಮುಂದಿನವನು “ಹಾಜರ್ ಮಿಸ್” ಎನ್ನುವ ಹೊತ್ತಿಗೆ ಹಿಂದಿನ ಸಾಲಿನಿಂದ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಅದು ನನಗೆ ಗದ್ದಲವಾಗಿ ತೋರುತ್ತಿತ್ತು.

ಆ ವರ್ಷ ಇಲಾಖೆಯವರು ಇಂಥ ಮಕ್ಕಳ ಪರಿಶೀಲನೆಗೆ ಬರುವವರಿದ್ದರು. ಯಾರು ತರಗತಿಯಲ್ಲಿ ಉಳಿಯಬೇಕು, ಯಾರಿಗೆ ‘ಗೃಹಾಧಾರಿತ ಶಿಕ್ಷಣ’ ಎಂಬುದು ಅಂದಿನ ತೀರ್ಮಾನ. ಈ ಶಿಕ್ಷಣವೆಂದರೆ ಮಗು ಮನೆಯಲ್ಲೇ ಇರುವುದು, ವಾರಕ್ಕೊಮ್ಮೆ ಒಬ್ಬರು ಬಂದು ಕಲಿಸುವುದು. ಮಾನಸಳ ತಾಯಿ ಅಗರಬತ್ತಿ ಕಾರ್ಖಾನೆಯಲ್ಲಿ ಬತ್ತಿ ಹೊಸೆಯುವ ಕೆಲಸದವಳು. ಮನೆಯಲ್ಲಿ ಇನ್ನಾರೂ ಇಲ್ಲ. ಸುದ್ದಿ ಕೇಳಿ ಓಡಿಬಂದಿದ್ದಳು.

“ಮನೆಗೇ ಬಂದ್ ಪಾಠ ಮಾಡ್ತಾರಂತೆ ಮೇಡಂ. ನಾನೇ ಮನೇಲಿರಲ್ವಲ್ಲ! ಒಳಗ್ ಕೂಡಾಕಿ ಬೀಗ ಜಡ್ಕೊಂಡ್ ಓಗ್ಬೇಕಾಯ್ತದೆ. ಬೆಂಕಿ ಬಿದ್ರೂ ಕೂಗಾಕ್ ಬರಲ್ಲ ನನ್ ಮಗೀಗೆ.”

ಪರಿಶೀಲನೆ ಗುರುವಾರಕ್ಕೆ ನಿಗದಿಯಾಯಿತು. ಅಂದು ಮಾತಿನ ಮೇಡಂ ದೀಪಾಂಜಲಿ ನಗರದ ಶಾಲೆಯಲ್ಲಿರುವ ದಿನ. ಅವರನ್ನು ಯಾರೂ ಕರೆದಿರಲಿಲ್ಲ. ಬೆಳಗ್ಗೆ ನಾನು ತರಗತಿಯನ್ನು ಒಪ್ಪವಾಗಿಸಿದೆ. ದಾಸ್ತಾನು ಪುಸ್ತಕದಲ್ಲಿ ನಮೂದಾಗದ ಯಾವ ಸಾಮಗ್ರಿಯೂ ಅಧಿಕಾರಿಗಳ ಕಣ್ಣಿಗೆ ಬೀಳಬಾರದೆಂಬುದು ನಮ್ಮಲ್ಲಿ ಹಳೆಯ ಎಚ್ಚರ. ಬಿದ್ದರೆ ಆಕ್ಷೇಪಣೆ ಬರುತ್ತದೆ, ಆಕ್ಷೇಪಣೆಗೆ ವರ್ಷಗಟ್ಟಲೆ ವಿವರಣೆ ಬರೆಯಬೇಕಾಗುತ್ತದೆ. ಕೈಯಿಂದ ಮಾಡಿದ ಆ ಕಾರ್ಡುಗಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾನಸಳ ಕೊರಳಿನಿಂದ ಗೊಂಚಲನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದ ಕೈ ನನ್ನ ಪರ್ಸಿನಲ್ಲಿತ್ತು. ಅವಳು ಕೊರಳನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.

ಎರಡೂವರೆಗೆ ಅಧಿಕಾರಿಗಳು ತರಗತಿಗೆ ಬಂದಾಗ ಅವಳ ಜಾಗ ಖಾಲಿಯಿತ್ತು. ಊಟದ ಬಿಡುವಿನಲ್ಲಿ ತಾಯಿಯೇ ಕರೆದುಕೊಂಡು ಹೋಗಿರಬೇಕು ಎಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಆ ಖಾಲಿ ಜಾಗವನ್ನು ಕಂಡು ನನಗೆ ನೆಮ್ಮದಿಯಾಗಿತ್ತು. ಉಳಿದ ಮಕ್ಕಳು ಪಟಪಟನೆ ಉತ್ತರ ಹೇಳಿದರು. ಅಧಿಕಾರಿಗಳು ತಲೆದೂಗಿ, ಮಾನಸಳ ಕಡತವನ್ನು ಆಮೇಲೆ ನೋಡುತ್ತೇವೆಂದು ಹೊರಟರು. ಮೂರು ಗಂಟೆಗೆ ಮಳೆ ಸುರಿಯಿತು.

ನಾಲ್ಕೂ ಇಪ್ಪತ್ತಕ್ಕೆ ಗೇಟಿನ ಬಳಿ ಆ ತಾಯಿ ನಿಂತಿದ್ದಳು. “ನನ್ ಮಗು ಎಲ್ಲಿ ಮೇಡಂ?”

ನಮ್ಮ ಶಾಲೆಯ ಹಿಂದೆ ಊರ ಕೊಳಚೆಯೆಲ್ಲ ಹರಿಯುವ ರಾಜಕಾಲುವೆಯಿದೆ. ಕಾಂಪೌಂಡು ಒಂದು ಕಡೆ ಕುಸಿದು ಮಕ್ಕಳು ನುಸುಳುವಷ್ಟು ಸಂದಿಯಾಗಿದೆ. ಅದನ್ನು ಮುಚ್ಚಿಸಿರೆಂದು ನಾನೇ ಮೂರು ಪತ್ರ ಬರೆದಿದ್ದೆ. ಮಳೆಯ ನೀರು ಅಲ್ಲಿ ಕಪ್ಪಗೆ, ಗೋಡೆಯ ಅರ್ಧದವರೆಗೆ ಏರಿ, ಹೋ ಎಂದು ಹರಿಯುತ್ತಿತ್ತು. ಹೆಡ್‌ಮಾಸ್ಟರು, ಆಯಾ, ಪಕ್ಕದ ಟೀ ಅಂಗಡಿಯ ಹುಡುಗರು, ಎಲ್ಲರೂ ಓಡಿದರು. “ಮಾನಸಾ! ಮಾನಸಾ!” “ಏ ಮಗಾ, ಆ ಮೋರಿ ಹತ್ರ ನೋಡೋ!” “ಚಪ್ಲಿ ಗಿಪ್ಲಿ ತೇಲ್ತಾ ಐತೇನೋ?” ಚಪ್ಪಲಿ ಎಂಬ ಆ ಮಾತು ಕೇಳಿದಾಗ ತಾಯಿ ನೆಲಕ್ಕೆ ಕುಸಿದಳು. ನಾನು ಮಾತಿನ ಮೇಡಂಗೆ ಫೋನ್ ಮಾಡಿದೆ. ಯಾಕೆ ಅವರಿಗೇ ಮಾಡಿದೆನೋ ಇಂದಿಗೂ ತಿಳಿಯದು.

ಐದೂವರೆಗೆ ಅವರು ಆಟೋದಿಂದ ಇಳಿದರು. ಇಳಿಯುತ್ತಲೇ ಕೇಳಿದರು, “ಕೊರಳಲ್ಲಿ ಕಾರ್ಡ್ ಇದ್ಯಲ್ಲ? ಯಾರಿಗಾದ್ರೂ ತೋರ್ಸಿರ್ತಾಳೆ. ಅಂಗಡಿಗಳಲ್ಲಿ ವಿಚಾರಿಸಿದ್ರಾ?”

“ಕಾರ್ಡುಗಳು ಬೀರುವಿನಲ್ಲಿವೆ” ಎಂದೆ. “ನಾನೇ ಬೀಗ ಹಾಕಿಟ್ಟೆ.”

ಅವರು ನನ್ನನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಅಂಗಳದ ನಡುವೆ ಹೋಗಿ ನಿಂತು, ಎಡಗೈ ಎತ್ತಿದರು. “ಎಲ್ರೂ ಬಾಯ್ ಮುಚ್ಕೊಳ್ಳಿ. ಒಬ್ರೂ ಕೂಗ್ಬಾರ್ದು.”

“ಕೂಗಿ ಮೇಡಂ, ಕೂಗಿ! ನನ್ ಮಗೀಗ್ ಕೇಳ್ಲಿ!” ತಾಯಿ ಅವರ ಸೆರಗು ಹಿಡಿದಳು.

“ನಾವು ಕೂಗೋದು ಅವಳಿಗೆ ಆಗ್ಲಿಂದ ಕೇಳಿಸ್ತಾನೇ ಇದೆ ಕಣಮ್ಮ. ಅವಳು ನಮಗೆ ಕೇಳಿಸ್ಬೇಕಲ್ಲ?”

ಒಮ್ಮೆ ಮಾತ್ರ “ಮಾನಸಾ” ಎಂದು ಕರೆದರು. ಕೈ ಸೀರೆಯ ಪಕ್ಕಕ್ಕೆ ಇಳಿಯಿತು, ಹೆಬ್ಬೆರಳು ನಡೆಯತೊಡಗಿತು. ಅಷ್ಟು ಭಯಂಕರವಾದ ಮೌನವನ್ನು ನಾನು ಕಂಡಿಲ್ಲ. ಕಾಲುವೆಯ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಆ ಸದ್ದೇ ಉತ್ತರವೇನೋ ಎನ್ನುವ ಹಾಗೆ. ಹತ್ತು ಗೆಣ್ಣು ಮುಗಿಯಿತು. ಏನೂ ಬರಲಿಲ್ಲ. ಕಟ್ಟಡದ ಬಲಕ್ಕೆ ನಡೆದು ಮತ್ತೆ ಕರೆದರು, ಮತ್ತೆ ಎಣಿಸಿದರು. ಏನೂ ಇಲ್ಲ. ಹಿತ್ತಿಲಿಗೆ, ಕಾಲುವೆಯ ಮಗ್ಗುಲಿಗೆ ಬಂದರು. ಕರೆದರು. ಒಂದು, ಎರಡು, ಮೂರು. ಅವರ ಬೆರಳನ್ನೇ ನೋಡುತ್ತಿದ್ದೆ, ಬೇರೆಲ್ಲಿ ನೋಡಲೂ ಧೈರ್ಯವಿರಲಿಲ್ಲ. ಎಂಟನೆಯ ಗೆಣ್ಣಿಗೆ ತಗಡಿನ ಮೇಲೆ ಸದ್ದಾಯಿತು.

ಟಕ್. ಟಕ್.

ಹಳೆಯ ಶೌಚಾಲಯದ ಬಾಗಿಲು ಅದು. ಹೊರಗಿನಿಂದ ಚಿಲಕ ಹಾಕಿತ್ತು.

“ಅಯ್ಯೋ ಶಿವನೇ, ನಾನೇ ಕಣವ್ವ ಚಿಲ್ಕ ಹಾಕಿದ್ದು” ಎಂದು ಆಯಾ ಎದೆ ಬಡಿದುಕೊಂಡಳು. “ಹೊಸ ಕಕ್ಕಸ್ಸನ್ನ ತೊಳ್ದು ಬೀಗ ಹಾಕು, ಹಳೇದು ಸಾಹೇಬ್ರ ಕಣ್ಣಿಗ್ ಬೀಳ್ಬಾರ್ದು ಅಂದ್ರು ಹೆಡ್‌ಮಾಸ್ಟ್ರು. ಒಳಗೆ ಯಾರೋ ಅಂತ ಕೇಳ್ದೆ, ಯಾರೂ ಉಸ್ರು ಎತ್ಲಿಲ್ಲ!”

ಬಾಗಿಲು ತೆರೆದಾಗ ಮಗು ಸೋರುವ ಮಾಡಿನ ಕೆಳಗೆ ತೊಯ್ದು, ಗೋಡೆಗೆ ಒರಗಿ ನಿಂತಿತ್ತು. ಅಳುತ್ತಿರಲಿಲ್ಲ. ಬಲಗೈ ಬೆರಳುಗಳ ಚರ್ಮ ಸುಲಿದು, ತಗಡಿನ ಒಳಮೈಯಲ್ಲಿ ರಕ್ತದ ಕಲೆಗಳಿದ್ದವು. ಅವನ್ನು ನೋಡಿದಾಗ ಅರ್ಥವಾಯಿತು: ನಾವು ಹೆಸರು ಕೂಗಿದಾಗಲೆಲ್ಲ ಅವಳು ಎರಡೆರಡು ಸಲ ಕುಟ್ಟಿದ್ದಳು. ಪ್ರತಿ ಸಲವೂ ನಮ್ಮ ಮುಂದಿನ ಕೂಗು ಅದನ್ನು ಮುಚ್ಚಿತ್ತು. ಓಡಿಹೋಗಿ ಬೀರು ತೆರೆದು ಕಾರ್ಡುಗಳನ್ನು ತಂದುಕೊಟ್ಟೆ. ಅವಳು ಒಂದೊಂದೇ ಕಾರ್ಡು ತಿರುವಿ ‘ನೀರು’ ತೋರಿಸಿದಳು.

ಆ ಭಯ ಅಂದಿಗೆ ಮುಗಿಯಲಿಲ್ಲ. ಶನಿವಾರ ಅಧಿಕಾರಿಯೊಬ್ಬರು ಹೆಡ್‌ಮಾಸ್ಟರಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು: “ನಾಳೆ ಹೆಚ್ಚೂಕಮ್ಮಿ ಆದ್ರೆ ಯಾರ್ರೀ ಹೊಣೆ? ಮಗು ಮನೇಲೇ ಸೇಫಾಗಿರ್ಲಿ ಬಿಡಿ. ಬರ್ದು ಕಳ್ಸಿ.” ನನಗೆ ಬೀಗ ಹಾಕಿದ ಆ ಮನೆ ನೆನಪಾಯಿತು.

ಮಂಗಳವಾರ ಮಾತಿನ ಮೇಡಂ ಕಡತ ಹಿಡಿದು ಬಂದರು. ತಮ್ಮ ವರದಿ ಬರೆದಿದ್ದರು. ತರಗತಿ ಶಿಕ್ಷಕಿಯ ಅಭಿಪ್ರಾಯದ ಪುಟ ಖಾಲಿಯಿತ್ತು. ಅಕ್ಕಿ ಮೂಟೆಯ ಮೇಲೆ ಕುಳಿತು ನಾನು ಬರೆದೆ. ಅವರು ಓದಿ ಹಿಂದಕ್ಕೆ ಕೊಟ್ಟರು.

“ಚೆನ್ನಾಗ್ ಬರ್ದಿದೀರಿ. ಆದ್ರೆ ಆವತ್ತು ಕಾರ್ಡ್ ಯಾಕಿರ್ಲಿಲ್ಲ ಅಂತಾನೇ ಇಲ್ವಲ್ಲ ಮೇಡಂ?”

“ಬರೆದರೆ ನನ್ನ ಕೆಲಸಕ್ಕೆ ಕುತ್ತು ಬಂದೀತು.”

“ಬರಬಹುದು.” ಅವರ ಕೈ ಸೀರೆಯ ಪಕ್ಕಕ್ಕೆ ಇಳಿಯಿತು.

ಅಂದು ಆ ಹೆಬ್ಬೆರಳು ನಡೆದದ್ದು ನನಗಾಗಿ. ನಾಲ್ಕನೆಯ ಗೆಣ್ಣಿಗೆ ಅಮಾನತಿನ ಆದೇಶ ಕಣ್ಣ ಮುಂದೆ ಬಂತು. ಆರನೆಯದಕ್ಕೆ ಊರವರ ಮುಂದೆ ತಲೆತಗ್ಗಿಸಿದ ನಾನು. ಒಂಬತ್ತನೆಯದಕ್ಕೆ ಆ ತಗಡಿನ ಒಳಮೈ. ಹಾಳೆ ತೆಗೆದುಕೊಂಡೆ. ಕಾರ್ಡುಗಳಿಗೆ ಬೀಗ ಹಾಕಿದವಳು ನಾನು, ಖಾಲಿ ಜಾಗವನ್ನು ಕಂಡೂ ವಿಚಾರಿಸದವಳು ನಾನು, ನಾವು ಕರೆದಾಗಲೆಲ್ಲ ಮಗು ಉತ್ತರ ಕೊಟ್ಟಿದೆ, ಅದಕ್ಕೆ ಬೇಕಾದ್ದು ಬೇರೆ ಜಾಗವಲ್ಲ, ಕಾಯುವ ಶಿಕ್ಷಕಿ ಎಂದು ಬರೆದು ಸಹಿ ಹಾಕಿದೆ. ಅಕ್ಷರಗಳು ಸೊಟ್ಟಗೆ ಬಂದವು. ನನ್ನ ಬರಹದಲ್ಲಿ ಹಾಗಾದದ್ದು ಅದೊಂದೇ ಸಲ.

ಮಾನಸ ತರಗತಿಯಲ್ಲೇ ಉಳಿದಳು. ನನಗೆ ಕಾರಣ ಕೇಳಿ ನೋಟಿಸು ಬಂತು, ಉತ್ತರಿಸಿದೆ. ಏಪ್ರಿಲ್‌ನ ನವೀಕರಣದ ಪಟ್ಟಿಯಲ್ಲಿ ಮಾತಿನ ಮೇಡಂ ಹೆಸರಿರಲಿಲ್ಲ. ಅನುದಾನ ಬಂದಿಲ್ಲವೆಂದರು. ನನ್ನ ಆ ಪುಟವೇ ಕಾರಣವಾಯಿತೇ ಎಂಬ ಅಂಜಿಕೆಯಿಂದ ಫೋನ್ ಮಾಡಿ ಕೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ, ಎಣಿಸುತ್ತಿದ್ದಾರೆಂದು ಗೊತ್ತಾಯಿತು.

“ನನಗೆ ಗೊತ್ತಿಲ್ಲ ಮೇಡಂ” ಎಂದರು ಕೊನೆಗೆ. “ಹನ್ನೊಂದು ಶಾಲೇಲೂ ಮಕ್ಕಳಿದಾರೆ. ಜೂನ್‌ನಲ್ಲಿ ಯಾರ್ ಹೋಗ್ತಾರೋ ಅನ್ನೋದೇ ಹೆದರಿಕೆ. ನಿಮ್ಮ ಶಾಲೇಲಿ ನೀವಿದೀರಿ.”

ಜೂನ್‌ನಲ್ಲಿ ಯಾರೂ ಬರಲಿಲ್ಲ. ನಾನು ಮಕ್ಕಳ ಜೊತೆಗೇ ನಾಲ್ಕನೆಯ ತರಗತಿಗೆ ಹೋದೆ. ಆಮೇಲೆ ಸ್ವಯಂ ನಿವೃತ್ತಿ ಪಡೆದೆ. ಆ ಕೊನೆಯ ವರ್ಷದಲ್ಲಿ ದಿನವೂ ಹಾಜರಿ ಕರೆಯುವಾಗ ಆ ಹೆಸರು ಹತ್ತಿರವಾದಂತೆ ನನ್ನ ದನಿ ನಿಧಾನವಾಗುತ್ತಿತ್ತು. ಹುಡುಗಿ ಎದುರಿಗೇ ಕುಳಿತಿರುತ್ತಿದ್ದಳು, ಕಣ್ಣಿಗೆ ಕಾಣುತ್ತಿದ್ದಳು. ಆದರೂ “ಮಾನಸ” ಎಂದ ಮರುಕ್ಷಣ ಕಾಲುವೆಯ ಸದ್ದು ಕಿವಿ ತುಂಬುತ್ತಿತ್ತು. ಮಿಕ್ಕ ನಲವತ್ತೊಂದು ಮಕ್ಕಳೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ನನ್ನ ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಡುತ್ತಿತ್ತು. ನನಗೆ ಇದನ್ನು ಕಲಿಸಿದವರು ಈಗ ಯಾವ ಶಾಲೆಯಲ್ಲೂ ಇಲ್ಲ ಎಂಬುದು ಐದನೆಯ ಗೆಣ್ಣಿಗೆ ನೆನಪಾಗುತ್ತಿತ್ತು. ಆರು. ಏಳು.

ಟಕ್ ಟಕ್.

ಆಮೇಲೆ ಮುಂದಿನ ಹೆಸರು.